ನಲವತ್ತು ರೂಪಾಯಿಯ ಎಚ್ಚರ

2023ರ ಜುಲೈ ತಿಂಗಳು. ಟೊಮೇಟೊ ಬೆಲೆ ದೇಶಕ್ಕೆಲ್ಲಾ ಸುದ್ದಿಯಾಗಿದ್ದ ಕಾಲ. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಯಾವತ್ತೂ ಹೊಲದ ಕಡೆ ರಾತ್ರಿ ತಲೆ ಹಾಕದವರೂ ಟಾರ್ಚು ಹಿಡಿದು ಕಾವಲು ಕೂತಿದ್ದರು.

ಆ ಶುಕ್ರವಾರ ಬೆಂಗಳೂರಿಂದ ಹೊರಟು ಕೋಲಾರದಲ್ಲಿ ಇಳಿಯುವಷ್ಟರಲ್ಲಿ ನಮ್ಮೂರ ಕಡೆ ಹೋಗುವ ಕೊನೇ ಬಸ್ಸು ಹೋಗಿಬಿಟ್ಟಿತ್ತು. ನಮ್ಮೂರು ಶ್ರೀನಿವಾಸಪುರ ತಾಲ್ಲೂಕು, ಮುಳಬಾಗಿಲಿಗೆ ಹೋಗುವ ರಸ್ತೆ ಕಡೆ. ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಅವನದು ಸ್ವಂತ ಲಾರಿ. ಸ್ವಂತ ಅಂದರೆ, ಕಂತು ಇನ್ನೂ ಮೂರು ವರ್ಷ ಇರೋ ಸ್ವಂತ. ಮಂಡಿಯಲ್ಲಿ ಟೊಮೇಟೊ ಲೋಡ್ ಮಾಡ್ಕೊಂಡು ಚೆನ್ನೈನ ಕೊಯಂಬೇಡು ಮಾರುಕಟ್ಟೆಗೆ ಹೊರಡ್ತಾ ಇದ್ದ. "ಬಾ ಅಣ್ಣ, ಮುಳಬಾಗಿಲಲ್ಲಿ ಇಳಿಸ್ತೀನಿ. ದೊಡ್ಡಪ್ಪಂಗೆ ಗಾಡಿ ತಗೊಂಡು ಬರೋಕೆ ಹೇಳು" ಅಂದ.

ಲಾರಿ ಹತ್ತಿದಾಗಲೇ ಅವನ ಕಣ್ಣು ನೋಡಿದೆ. ಕೆಂಪಗಿತ್ತು. ಎರಡು ದಿನದಲ್ಲಿ ಎಷ್ಟು ಹೊತ್ತು ಮಲಗಿದ್ದೀಯೋ ಅಂದರೆ ಲೆಕ್ಕ ಹಾಕೋಕೆ ಹೋಗಿ ನಕ್ಕುಬಿಟ್ಟ. "ನಾಲ್ಕು ಗಂಟೆ ಆಗಿರಬೋದು. ಸೀಸನ್ ಅಲ್ವಾ ಅಣ್ಣ." ಹೈವೇಯಲ್ಲಿ ಒಂದೆರಡು ಸಲ ಅವನ ತಲೆ ಮುಂದಕ್ಕೆ ವಾಲಿತು. ನಾನು ಏನೇನೋ ಮಾತು ತೆಗೆದೆ. ಮುಳಬಾಗಿಲು ಹತ್ತಿರ ಬಂದಾಗ ಒಂದು ಅಂಗಡಿ ಮುಂದೆ ನಿಲ್ಲಿಸಿದ. ಇಪ್ಪತ್ತು ರೂಪಾಯಿಯ ಎನರ್ಜಿ ಡ್ರಿಂಕ್, ಎರಡು ಬಾಟಲಿ ತಗೊಂಡ. ಒಂದನ್ನು ಅಲ್ಲೇ ನಿಂತು ಕುಡಿದ, ಇನ್ನೊಂದನ್ನು ಸೀಟಿನ ಪಕ್ಕ ಇಟ್ಟ. ದುಡ್ಡು ತೆಗೆಯೋಕೆ ಹೋದವನನ್ನು ತಡೆದು ನಾನೇ ಫೋನ್‌ಪೇ ಮಾಡಿದೆ. ನಲವತ್ತು ರೂಪಾಯಿ. "ಹುಷಾರು ಕಣೋ" ಅಂದೆ. ಅವನು ನಂಗಲಿ ಕಡೆ ಹೋದ. ನಾನು ಅಪ್ಪನ ಟಿವಿಎಸ್ ಹತ್ತಿ ಮನೆಗೆ ಹೋಗಿ, ತಣ್ಣಗಿದ್ದ ಮುದ್ದೆಗೆ ಬಿಸಿ ಸಾರು ಹಾಕ್ಕೊಂಡು ತಿಂದು ಮಲಗಿದೆ.

ಬೆಳಿಗ್ಗೆ ಮೆಸೇಜು ಬಂದಿತ್ತು: ಸೇರಿದೆ ಅಣ್ಣ.

ಏನೂ ಆಗಲಿಲ್ಲ. ಈ ಕಥೆಯಲ್ಲಿ ಅಪಘಾತ ಇಲ್ಲ. ಆದರೂ ಇಷ್ಟು ವರ್ಷ ಆದ ಮೇಲೆ ಆ ನಲವತ್ತು ರೂಪಾಯಿ ನನ್ನ ತಲೆಯಿಂದ ಹೋಗಿಲ್ಲ. ಅದು ಯಾಕೆ ಅಂತ ಬರೆಯೋಕೆ ಕೂತಿದ್ದೀನಿ.

ಮೊದಲು ಆ ಬಾಟಲಿಯಲ್ಲಿ ಏನಿದೆ ನೋಡೋಣ. ನಮ್ಮ ಕಡೆ ಬಾಟಲಿಯಲ್ಲಿ ಬರೋದಕ್ಕೆಲ್ಲಾ ಒಂದೇ ಹೆಸರು, ಕೂಲ್ ಡ್ರಿಂಕ್ಸ್. ಆದರೆ ಎಲ್ಲವೂ ಒಂದೇ ಅಲ್ಲ. ಜಾತ್ರೆಯಲ್ಲಿ ಟಪ್ ಅಂತ ಗೋಲಿ ಒಳಗೆ ತಳ್ಳಿ ಕೊಡ್ತಿದ್ದ ಸೋಡಾದಲ್ಲಿ ನೀರು ಮತ್ತು ಗ್ಯಾಸು ಬಿಟ್ಟರೆ ಹೆಚ್ಚೇನಿರಲಿಲ್ಲ. ರಾತ್ರಿ ಕುಡಿದರೆ ಹೊಟ್ಟೆ ಉಬ್ಬರಿಸಬಹುದು, ಹುಳಿತೇಗು ಬರಬಹುದು, ಒಂದು ಸಲ ಹೆಚ್ಚಿಗೆ ಎದ್ದು ಹೊರಗೆ ಹೋಗಬೇಕಾಗಬಹುದು. ಅಷ್ಟೇ. ಕಪ್ಪಗಿರೋ ಕೋಲಾದ್ದು ಬೇರೆ ಕಥೆ. 300 ಎಂಎಲ್ ಬಾಟಲಿಯಲ್ಲಿ ಸುಮಾರು 30 ಮಿಲಿಗ್ರಾಂ ಕೆಫೀನ್, 30 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತೆ. ಎನರ್ಜಿ ಡ್ರಿಂಕ್ ಅನ್ನೋದರಲ್ಲಿ 250 ಎಂಎಲ್‌ಗೇ 70–80 ಮಿಲಿಗ್ರಾಂ ಕೆಫೀನ್. ಅಂದರೆ ಹೆಚ್ಚುಕಡಿಮೆ ಒಂದು ಲೋಟ ಸ್ಟ್ರಾಂಗ್ ಕಾಫಿ. ಆದರೆ ಕಾಫಿಯನ್ನು ನಾವು ಕಾಫಿ ಅಂತ ಗೊತ್ತಿದ್ದೇ ಕುಡೀತೀವಿ. ರಾತ್ರಿ ಹತ್ತು ಗಂಟೆಗೆ ಮಗುವಿಗೆ ಯಾರೂ ಡಿಕಾಕ್ಷನ್ ಕೊಡಲ್ಲ. ಅದೇ ಬೀಗರೂಟದಲ್ಲಿ ಎರಡು ಲೋಟ ಕೋಲಾ ಕುಡಿದ ಮಗು ಹನ್ನೆರಡಾದರೂ ಕುಣೀತಿದ್ದರೆ "ಇವತ್ತು ಇದಕ್ಕೇನೋ ಬಂದೈತೆ" ಅಂತೀವಿ.

ಕೆಫೀನ್ ಕೆಲಸ ಮಾಡೋ ರೀತಿ ಸಾಫ್ಟ್‌ವೇರ್‌ನವರಿಗೆ ಬೇಗ ಅರ್ಥ ಆಗುತ್ತೆ. ನಾವು ಎದ್ದಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನೋ ವಸ್ತು ಸ್ವಲ್ಪಸ್ವಲ್ಪವೇ ಸೇರುತ್ತಾ ಹೋಗುತ್ತೆ. ಅದು ತನ್ನ ಜಾಗದಲ್ಲಿ ಹೋಗಿ ಕೂತಾಗ ನಮಗೆ ನಿದ್ದೆ ಎಳೆಯುತ್ತೆ. ಮಲಗಿದಾಗ ಅದು ಕರಗುತ್ತೆ. ಕೆಫೀನ್ ಏನು ಮಾಡುತ್ತೆ ಅಂದರೆ, ಅಡೆನೋಸಿನ್ ಕೂರಬೇಕಾದ ಕುರ್ಚಿಯಲ್ಲಿ ತಾನು ಹೋಗಿ ಕೂರುತ್ತೆ. ಅಡೆನೋಸಿನ್ ಎಲ್ಲೂ ಹೋಗಿರಲ್ಲ, ಹೊರಗೆ ಕ್ಯೂ ನಿಂತಿರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಸರ್ವರ್ ಕೆಟ್ಟಿದ್ದು ಸರಿಹೋಗಿಲ್ಲ, ಅಲರ್ಟ್ ಮ್ಯೂಟ್ ಆಗಿದೆ ಅಷ್ಟೇ.

ಹೋಗಲಿ, ಕುಡಿದು ಒಂದು ಗಂಟೆಗೆ ಮುಗಿಯುತ್ತಾ ಅಂದರೆ ಅದೂ ಇಲ್ಲ. ರಕ್ತದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯೋಕೆ ಸಾಮಾನ್ಯವಾಗಿ ಐದು ಗಂಟೆ ಆಸುಪಾಸು ಬೇಕು, ಜನರಿಂದ ಜನಕ್ಕೆ ಹೆಚ್ಚುಕಡಿಮೆ ಆಗುತ್ತೆ. ರಾತ್ರಿ ಹನ್ನೊಂದಕ್ಕೆ ಮುಳಬಾಗಿಲಲ್ಲಿ ಕುಡಿದದ್ದರ ಅರ್ಧ ಬೆಳಗಿನ ಜಾವ ನಾಲ್ಕಕ್ಕೆ ಕೊಯಂಬೇಡಿನಲ್ಲೂ ಅವನ ಮೈಯಲ್ಲಿತ್ತು. ಲೋಡ್ ಇಳಿಸಿ, ಕ್ಯಾಬಿನ್ನಿನಲ್ಲಿ ಕಾಲು ಮಡಚಿಕೊಂಡು ಮಲಗುವಾಗ ಆ ಅರ್ಧ ಅವನ ಜೊತೆಗೇ ಮಲಗುತ್ತೆ. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಲಗುವುದಕ್ಕೆ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ತಗೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು. 400 ಅಂದರೆ ದೊಡ್ಡ ಪ್ರಮಾಣ, ಇಂಥ ಐದು ಬಾಟಲಿ. ಆದರೆ ಸೀಸನ್‌ನಲ್ಲಿ ಒಬ್ಬ ಡ್ರೈವರು ದಿನಕ್ಕೆ ಎಷ್ಟು ಬಾಟಲಿ, ಎಷ್ಟು ಟೀ ಕುಡೀತಾನೆ ಅಂತ ಲೆಕ್ಕ ಹಾಕಿ. ಅವತ್ತಿನ ಕೆಟ್ಟ ನಿದ್ದೆಗೆ ನಾಳೆ ಮತ್ತೆ ಬಾಟಲಿ ಬೇಕು.

ಹಾಗಂತ ಬಾಟಲಿಯನ್ನೇ ಕಳ್ಳ ಅಂದುಬಿಡೋಕೆ ನನಗೆ ಮನಸ್ಸಿಲ್ಲ. 2016ರಲ್ಲಿ ಬಂದ ಇನ್ನೊಂದು ಅಮೆರಿಕದ ಅಧ್ಯಯನ, ರಾತ್ರಿ ಐದು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗೋರು ಸಕ್ಕರೆ ಮತ್ತು ಕೆಫೀನ್ ಇರೋ ಸೋಡಾಗಳನ್ನು ಉಳಿದವರಿಗಿಂತ ಜಾಸ್ತಿ ಕುಡೀತಾರೆ ಅಂತ ತೋರಿಸ್ತು. ಕುಡಿದದ್ದಕ್ಕೆ ನಿದ್ದೆ ಹೋಯ್ತೋ, ನಿದ್ದೆ ಹೋದದ್ದಕ್ಕೆ ಕುಡಿದರೋ? ಆ ಅಂಕಿಯಿಂದ ಅದನ್ನು ಹೇಳೋಕಾಗಲ್ಲ. ನನ್ನ ತಮ್ಮನ ವಿಷಯದಲ್ಲಿ ಉತ್ತರ ನನಗೆ ಗೊತ್ತಿದೆ. ಅವನ ನಿದ್ದೆಯನ್ನು ಮೊದಲು ಬೇರೆ ಯಾರೋ ತಗೊಂಡಿದ್ದರು. ಬಾಟಲಿ ಬಂದದ್ದು ಆಮೇಲೆ.

ನಮ್ಮ ಜಿಲ್ಲೆಯಲ್ಲಿ ರಾತ್ರಿ ಮಾರಾಟಕ್ಕೆ ಬಂದು ನೂರು ವರ್ಷದ ಮೇಲಾಯ್ತು. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂತು. ಬೆಂಗಳೂರಿನ ಬೀದಿಗಿಂತ ಮೊದಲು ನಮ್ಮ ಚಿನ್ನದ ಗಣಿಗೆ. ಗಣಿಯೊಳಗೆ ಹಗಲೂ ಒಂದೇ, ರಾತ್ರಿಯೂ ಒಂದೇ, ಪಾಳಿ ಮಾತ್ರ ಬೇರೆ. ಗಣಿ 2001ರಲ್ಲಿ ಮುಚ್ಚಿತು, ರಾತ್ರಿ ಪಾಳಿ ಮುಚ್ಚಲಿಲ್ಲ. ಈಗ ಮಾಲೂರು, ನರಸಾಪುರದ ಕೈಗಾರಿಕಾ ಪ್ರದೇಶಗಳಿಗೆ ಶಿಫ್ಟ್ ಬಸ್ಸುಗಳು ಓಡಾಡ್ತವೆ. ಕೆಲಸ ಸಿಕ್ಕ ಹೊಸದರಲ್ಲಿ ನಾನೂ ಮಾಲೂರಲ್ಲಿ ರೂಮು ಮಾಡ್ಕೊಂಡು ರೈಲಲ್ಲಿ ವೈಟ್‌ಫೀಲ್ಡ್‌ಗೆ ಹೋಗಿಬರ್ತಿದ್ದೆ. ಬೆಳಗಿನ ಆ ರೈಲಲ್ಲಿ ಕಂಬಿ ಹಿಡ್ಕೊಂಡು ನಿಂತೇ ನಿದ್ದೆ ಮಾಡೋರನ್ನ ನೋಡಿದ್ದೀನಿ. ಗುರುತೇ ಇಲ್ಲದವರ ಭುಜದ ಮೇಲೆ ತಲೆ ಬಿದ್ದರೆ ಯಾರೂ ಬೈತಿರಲಿಲ್ಲ. ನಾಳೆ ನಮ್ಮ ತಲೆನೂ ಬೀಳೋದೇ ಅಂತ ಎಲ್ಲರಿಗೂ ಗೊತ್ತಿತ್ತು.

ಅಪ್ಪನ ಕಥೆಯೂ ಇದೇ. ವರ್ಷವಿಡೀ ಹರಿಯೋ ನದಿ ಇಲ್ಲದ ಸೀಮೆ ನಮ್ಮದು, ಸಾವಿರ ಅಡಿ ಕೊರೆದರೂ ನೀರು ಸಿಕ್ಕೀತು ಅನ್ನೋ ಗ್ಯಾರಂಟಿ ಇಲ್ಲ. ತ್ರೀ ಫೇಸ್ ಕರೆಂಟು ಕೊಡೋದು ಪಾಳಿ ಮೇಲೆ, ಅದರಲ್ಲಿ ಒಂದಷ್ಟು ಗಂಟೆ ರಾತ್ರಿ. ನಾನು ಹುಟ್ಟಿದಾಗಿನಿಂದ ಅಪ್ಪ ರಾತ್ರಿ ಎರಡು ಗಂಟೆಗೆ ಎದ್ದು ಹೊಲಕ್ಕೆ ಹೋಗೋದು ನೋಡಿದ್ದೀನಿ. ಸಂಬಳ ಬಂದ ಮೇಲೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಟ್ಟೆ, ಇನ್ನು ಮಲಗಿದ್ದಲ್ಲೇ ಮೋಟಾರ್ ಆನ್ ಮಾಡಬಹುದು ಅಂತ ಹೆಮ್ಮೆಯಿಂದ ತೋರಿಸಿದೆ. ಅಪ್ಪ ನೋಡಿ, "ಸರಿ, ಗೇಟ್ ವಾಲ್ ತಿರುಗಿಸೋಕೆ ಯಾರು ಹೋಗ್ತಾರೆ?" ಅಂದರು. ಈಗಲೂ ಹೋಗ್ತಾರೆ. ಆದರೆ ಅವರು ಎದ್ದಿರೋಕೆ ಏನನ್ನೂ ಕುಡಿಯಲ್ಲ. ಸುಸ್ತಾದರೆ ಬದುವಿನ ಮೇಲೆ ಟವಲ್ ಹಾಸಿ ಮಲಗಿಬಿಡ್ತಾರೆ. ನೀರು ಸಾಲಿನ ಕೊನೆಗೆ ಬಂದು ಕಾಲಿಗೆ ತಾಗಿದಾಗ ಏಳ್ತಾರೆ.

ಅಪ್ಪನಿಗೂ ತಮ್ಮನಿಗೂ ಇಲ್ಲೇ ವ್ಯತ್ಯಾಸ. ಇಬ್ಬರ ನಿದ್ದೆಯನ್ನೂ ಬೇರೆಯವರ ಟೈಮ್‌ಟೇಬಲ್ ತಿಂದಿದೆ. ಆದರೆ ಅಪ್ಪನಿಗೆ ತನಗೆ ಸುಸ್ತಾಗಿದೆ ಅನ್ನೋ ಸುದ್ದಿ ಸರಿಯಾಗಿ ತಲುಪುತ್ತೆ, ಆ ಸುದ್ದಿ ಕೇಳಿ ಅವರು ತೀರ್ಮಾನ ಮಾಡ್ತಾರೆ. ಬಾಟಲಿ ಆ ಸುದ್ದಿಯನ್ನೇ ತಡೆಯುತ್ತೆ. ನಿಲ್ಲಿಸಬೇಕೋ ಬೇಡವೋ ಅಂತ ನಿರ್ಧಾರ ಮಾಡಬೇಕಾದವನಿಗೇ ವಿಷಯ ಮುಚ್ಚಿಡುತ್ತೆ.

ಇದಕ್ಕೊಂದು ಪರೀಕ್ಷೆಯೂ ನಡೆದಿದೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು 2006ರಲ್ಲಿ ಪ್ರಕಟಿಸಿದ್ದು. ಹಿಂದಿನ ರಾತ್ರಿ ಐದೇ ಗಂಟೆ ಮಲಗಿದ್ದವರಿಗೆ 42 ಗ್ರಾಂ ಸಕ್ಕರೆ, 30 ಮಿಲಿಗ್ರಾಂ ಕೆಫೀನ್ ಇದ್ದ ಪಾನೀಯ ಕೊಟ್ಟು ನೋಡಿದರು. ಹೆಚ್ಚುಕಡಿಮೆ ನಮ್ಮ ಕೋಲಾದ ಲೆಕ್ಕವೇ. ನಿದ್ದೆಯ ಮಂಪರು ಕಡಿಮೆಯಾಗಲಿಲ್ಲ. ಒಂದು ಗಂಟೆ ದಾಟಿದ ಮೇಲೆ ಪ್ರತಿಕ್ರಿಯೆ ನಿಧಾನವಾಯ್ತು, ತಪ್ಪುಗಳು ಜಾಸ್ತಿಯಾದವು. ಅದೇ ಲಫ್‌ಬರೋದಲ್ಲಿ 1990ರ ದಶಕದಲ್ಲಿ ಡ್ರೈವಿಂಗ್ ಸಿಮ್ಯುಲೇಟರಿನ ಮೇಲೆ ಮಾಡಿದ ಪರೀಕ್ಷೆಗಳಲ್ಲಿ ಇನ್ನೊಂದು ಗೊತ್ತಾಗಿತ್ತು: ಸಾಕಷ್ಟು ಕೆಫೀನ್ ತಗೊಂಡರೆ ಸ್ವಲ್ಪ ಹೊತ್ತು ನಿಜವಾಗಿ ಉಪಯೋಗ ಇದೆ, ಹದಿನೈದು ನಿಮಿಷದ ಕಿರುನಿದ್ದೆಗೂ ಉಪಯೋಗ ಇದೆ. ಹಾಗಾಗಿ ಕೆಫೀನೇ ಮೋಸ ಅನ್ನೋಕಾಗಲ್ಲ. ಅದು ಕೊಡೋದು ಒಂದಷ್ಟು ನಿಮಿಷದ ಕೈಸಾಲ. ನಿಲ್ಲಿಸಿ ಮಲಗೋ ಜಾಗದವರೆಗೆ ತಲುಪೋಕೆ ಆ ಸಾಲ ಸಾಕು. ಆರು ಗಂಟೆ ಲಾರಿ ಓಡಿಸೋಕೆ ಸಾಕಾಗಲ್ಲ.

ಈಗ ನನ್ನ ನಲವತ್ತು ರೂಪಾಯಿಗೆ ಬರ್ತೀನಿ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗೆಲ್ ಅನ್ನೋ ಇಬ್ಬರು ತತ್ತ್ವಶಾಸ್ತ್ರಜ್ಞರು 'ನೈತಿಕ ಅದೃಷ್ಟ' ಅನ್ನೋ ವಿಷಯ ಎತ್ತಿದರು. ನೇಗೆಲ್ ಕೊಡೋ ಉದಾಹರಣೆಗಳಲ್ಲಿ ಒಂದು ಲಾರಿ ಡ್ರೈವರಿನದೇ. ಅವನು ಬ್ರೇಕ್ ಚೆಕ್ ಮಾಡಿಸದೆ ಅಸಡ್ಡೆ ಮಾಡಿದ್ದಾನೆ ಅಂತಿಟ್ಟುಕೊಳ್ಳಿ. ದಾರಿಗೆ ಮಗು ಅಡ್ಡ ಬಂದರೆ ಅವನು ಜೀವಮಾನವೆಲ್ಲಾ ಅಪರಾಧಿ. ಮಗು ಬರದಿದ್ದರೆ ಅದೇ ಅಸಡ್ಡೆ ಯಾರ ಲೆಕ್ಕಕ್ಕೂ ಇಲ್ಲ. ಅವನು ಮಾಡಿದ್ದು ಎರಡು ಕಡೆಯೂ ಒಂದೇ. ಮಗು ಬರೋದು, ಬರದೇ ಇರೋದು ಅವನ ಕೈಯಲ್ಲಿರಲಿಲ್ಲ.

ಇದನ್ನು ಓದಿದಾಗ ನನಗೆ ಆ ಡ್ರೈವರ್ ಕಾಣಿಸಲಿಲ್ಲ, ಪಕ್ಕದ ಸೀಟಿನಲ್ಲಿ ಕೂತಿದ್ದವನು ಕಾಣಿಸಿದ. ಕಣ್ಣು ಕೆಂಪಗಿರೋದನ್ನು ನೋಡಿದವನು, ತಲೆ ವಾಲಿದ್ದನ್ನು ನೋಡಿದವನು, ಆಮೇಲೆ ಬಾಟಲಿಗೆ ದುಡ್ಡು ಕೊಟ್ಟು ಇಳಿದುಹೋದವನು. "ಏನೂ ಆಗಲಿಲ್ಲವಲ್ಲ" ಅಂತ ನೀವು ಅನ್ನಬಹುದು. ಆಗಲಿಲ್ಲ, ನಿಜ. ಆದರೆ ಅದರಲ್ಲಿ ನನ್ನ ಪುಣ್ಯ ಏನೂ ಇಲ್ಲ. ಅವತ್ತು ರಾತ್ರಿ ರಸ್ತೆಗೆ ಯಾರೂ ಅಡ್ಡ ಬರಲಿಲ್ಲ, ಅಷ್ಟೇ.

ಅವನು ವಾಪಸ್ ಬಂದ ಮೇಲೆ ಇದನ್ನೇ ಹೇಳಿದೆ. ಇನ್ನು ಮೇಲೆ ಆ ಹಾಳು ನೀರು ಕುಡೀಬೇಡ, ನಿದ್ದೆ ಬಂದರೆ ಸೈಡಿಗೆ ಹಾಕಿ ಮಲಗು ಅಂತ ಒಂದು ಸಣ್ಣ ಭಾಷಣ. ಅಡೆನೋಸಿನ್ ಕಥೆಯನ್ನೂ ಹೇಳಿದೆ. ಮಕ್ಕಳಿಗೆ, ಬಸುರಿಯರಿಗೆ, ಬಾಣಂತಿಯರಿಗೆ ಇದು ಬೇಡ ಅಂತ ಬಾಟಲಿ ಮೇಲೇ ಬರೆದಿರ್ತಾರೆ ನೋಡು ಅಂದೆ. ಅವನು ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಬಾಟಲಿ ತಿರುಗಿಸಿ ಸಾಸಿವೆ ಕಾಳಿನಂಥ ಇಂಗ್ಲಿಷ್ ಅಕ್ಷರ ನೋಡಿ ವಾಪಸ್ ಕೊಟ್ಟ. ಎಲ್ಲಾ ಕೇಳಿಸಿಕೊಂಡು ಒಂದೇ ಮಾತು ಕೇಳಿದ: "ಲೇಟಾಗಿ ಬಾಡಿಗೆ ಕಟ್ ಆದ್ರೆ ನೀನು ಕೊಡ್ತೀಯಾ ಅಣ್ಣ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾನೂನು ಇರಲಿಲ್ಲ ಅಂತಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ ಅನ್ನುತ್ತಿತ್ತು, ಐದು ಗಂಟೆ ದುಡಿಯೋದರೊಳಗೆ ಅರ್ಧ ಗಂಟೆ ವಿರಾಮ ಕೊಡಬೇಕು ಅನ್ನುತ್ತಿತ್ತು. ಆದರೆ ಅದು ಇದ್ದದ್ದು ಐದು ಅಥವಾ ಹೆಚ್ಚು ಜನ ಕೆಲಸ ಮಾಡೋ ಸಂಸ್ಥೆಗಳಿಗೆ. ನನ್ನ ತಮ್ಮನ ಸಂಸ್ಥೆಯಲ್ಲಿ ಇರೋದು ಅವನೊಬ್ಬ. ಮಾಲೀಕನೂ ಅವನೇ, ಆಳೂ ಅವನೇ. ಅವನಿಗೆ ವಿರಾಮ ಕೊಡಬೇಕಾದ ಮಾಲೀಕನ ತಲೆ ಮೇಲೆ ಬ್ಯಾಂಕಿನ ಕಂತಿದೆ.

ಅವನ ಪ್ರಶ್ನೆಯಿಂದ ನನಗೆ ಒಂದು ವಿಷಯ ಗೊತ್ತಾಯ್ತು. ಮಲಗು ಅಂತ ಇನ್ನೊಬ್ಬರಿಗೆ ಹೇಳೋ ಹಕ್ಕು, ಅವರು ಮಲಗಿದರೆ ಆಗೋ ನಷ್ಟದಲ್ಲಿ ಪಾಲು ತಗೊಳ್ಳೋವನಿಗೆ ಮಾತ್ರ ಇರುತ್ತೆ. ಉಳಿದವರು ಹೇಳಿದರೆ ಅದು ಬರೀ ಉಪದೇಶ. ಬಾಟಲಿ ಕೊಡಿಸೋದು ಸುಲಭ, ನಲವತ್ತು ರೂಪಾಯಿಯಲ್ಲಿ ಮುಗಿಯುತ್ತೆ. ಬಾಟಲಿ ಬೇಡ ಅನ್ನೋದು ಅದಕ್ಕಿಂತ ಸುಲಭ, ಅದಕ್ಕೆ ದುಡ್ಡೇ ಬೇಡ.

ಆಮೇಲೆ ಸೋಮವಾರ ಆಫೀಸಿಗೆ ಹೋದಾಗ ಪ್ಯಾಂಟ್ರಿಯ ಫ್ರಿಜ್ ಕಣ್ಣಿಗೆ ಬಿತ್ತು. ಅದನ್ನು ತುಂಬಿಸಿದ್ದು ನಾನೇ. ರಿಲೀಸ್ ಇರೋ ರಾತ್ರಿಗಳಲ್ಲಿ ಟೀಮಿಗೆ ಪಿಜ್ಜಾ, ಕೋಲಾ, ಎನರ್ಜಿ ಡ್ರಿಂಕ್ ತರಿಸ್ತಿದ್ದೆ. ಒಳ್ಳೆಯ ಲೀಡ್ ಅಂತ ಹುಡುಗರು ಹೊಗಳ್ತಿದ್ದರು. ರಾತ್ರಿ ಎರಡೂವರೆಗೆ ಕೆಲಸ ಮುಗಿಸಿ ಅವರಲ್ಲಿ ಕೆಲವರು ಬೈಕ್ ಹತ್ತಿ ಮನೆಗೆ ಹೋಗ್ತಿದ್ದರು. ಅಲ್ಲೂ ಏನೂ ಆಗಿರಲಿಲ್ಲ. ಮುಳಬಾಗಿಲಿನ ಅಂಗಡಿ ಮುಂದೆ ಒಂದು ಸಲ ಮಾಡಿದ್ದನ್ನು ನಾನು ಇಲ್ಲಿ ತಿಂಗಳಿಗೆ ಎರಡು ಸಲ ಮಾಡ್ತಿದ್ದೆ, ಅದೂ ಕಂಪನಿ ದುಡ್ಡಲ್ಲಿ.

ಬಾಡಿಗೆ ಕಟ್ ಆದರೆ ಯಾರು ಕೊಡ್ತಾರೆ ಅನ್ನೋ ಪ್ರಶ್ನೆ ಅಲ್ಲೂ ಇತ್ತು. ಅಲ್ಲಿ ಕೊಡಬೇಕಾದವನು ನಾನು. ರಿಲೀಸನ್ನು ಮಂಗಳವಾರ ಬೆಳಿಗ್ಗೆಗೆ ಹಾಕಿಸೋಕೆ ಮೂರು ಮೀಟಿಂಗ್ ಆಯ್ತು. ಕ್ಲೈಂಟ್ ಮುಖ ಗಂಟು ಹಾಕಿಕೊಂಡರು. ಆ ವರ್ಷದ ಅಪ್ರೈಸಲ್‌ನಲ್ಲಿ ನನಗೆ ನಮ್ಯತೆ ಸಾಲದು ಅಂತ ಬರೆದರು. ಸಂಬಳ ಸ್ವಲ್ಪ ಕಡಿಮೆ ಏರಿತು. ದೊಡ್ಡ ತ್ಯಾಗ ಅಂತ ಹೇಳ್ಕೊಳ್ತಿಲ್ಲ, ಕಾರಿನ ಕಂತು ಹಾಗೇ ಕಟ್ಟಿದ್ದೀನಿ. ಆದರೆ ಹುಡುಗರಿಗೆ "ಮನೆಗೆ ಹೋಗಿ ಮಲಗ್ರೋ" ಅಂತ ಹೇಳೋವಾಗ ಮೊದಲ ಸಲ ನನ್ನ ಮಾತಿಗೆ ಸ್ವಲ್ಪ ತೂಕ ಬಂದಹಾಗೆ ಅನ್ನಿಸ್ತು. ಫ್ರಿಜ್‌ನಲ್ಲಿ ಈಗ ಮಜ್ಜಿಗೆ ಪ್ಯಾಕೆಟ್ ಇದೆ. ಕೋಲಾನೂ ಇದೆ, ತೆಗೆಸಿಲ್ಲ. ಮಧ್ಯಾಹ್ನ ಕುಡಿಯೋರು ಕುಡಿಯಲಿ.

ತಮ್ಮನ ವಿಷಯ ಅಷ್ಟು ಸಲೀಸಾಗಲಿಲ್ಲ. ಕಟ್ ಆದ ಬಾಡಿಗೆ ನಾನು ಕೊಡ್ತೀನಿ ಅಂದೆ. ಅವನಿಗೆ ಸಿಟ್ಟು ಬಂತು. "ನಾನೇನು ನಿನ್ನ ಹತ್ರ ಕೈ ಚಾಚಿದ್ನಾ?" ಅಂದ. ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ಹಬ್ಬದ ದಿನ ಅಪ್ಪನೇ ದಾರಿ ತೋರಿಸಿದರು. "ಹಿಂದೆ ನಾನೂ ನಿಮ್ಮಪ್ಪನೂ ಒಂದೇ ಮೋಟಾರ್‌ನಲ್ಲಿ ನೀರು ಕಟ್ತಿದ್ವಿ. ಒಬ್ಬ ಮಲಗಿದ್ರೆ ಇನ್ನೊಬ್ಬ ಎದ್ದಿರ್ತಿದ್ದ. ನೀನು ಎದ್ದಿರು, ಅವನು ಮಲಗ್ಲಿ" ಅಂತ ನಮ್ಮಿಬ್ಬರಿಗೂ ಹೇಳಿದರು. ಅವನಿಗೆ ನಿಜವಾದ ಹೆದರಿಕೆ ಇದ್ದದ್ದು ಅದೇ. ಸೈಡಿಗೆ ಹಾಕಿ ಮಲಗಿದರೆ ಅಲಾರಾಂ ಹೊಡೆದರೂ ಏಳಲ್ಲ, ಬೆಳಕು ಹರಿದುಬಿಟ್ಟರೆ ಮಾರುಕಟ್ಟೆ ತಪ್ಪುತ್ತೆ, ಹಣ್ಣು ಹಾಳಾಗುತ್ತೆ.

ಈಗ ಸೀಸನ್‌ನಲ್ಲಿ ಕೆಲವು ರಾತ್ರಿ ಹನ್ನೆರಡರ ಹೊತ್ತಿಗೆ ಅವನ ವಾಯ್ಸ್ ಮೆಸೇಜ್ ಬರುತ್ತೆ. ನಂಗಲಿ ಹತ್ತಿರ ಬಂಕ್‌ನಲ್ಲಿ ಹಾಕಿದೀನಿ ಅಣ್ಣ, ಮುಕ್ಕಾಲು ಗಂಟೆ ಬಿಟ್ಟು ಫೋನ್ ಮಾಡು ಅಂತ. ನಾನು ಎದ್ದಿರ್ತೀನಿ. ಏನೂ ಕುಡಿಯಲ್ಲ, ಆ ಮುಕ್ಕಾಲು ಗಂಟೆ ಬಾಲ್ಕನಿಯಲ್ಲಿ ಕೂತಿರ್ತೀನಿ. ಎಲ್ಲಾ ರಾತ್ರಿ ಮೆಸೇಜ್ ಬರಲ್ಲ. ಬರದ ರಾತ್ರಿ ಅವನು ಏನು ಮಾಡ್ತಾನೆ ಅಂತ ನಾನು ಕೇಳಲ್ಲ. ಹೋದ ಸಲ ಲಾರಿ ಹತ್ತಿದಾಗ ಸೀಟಿನ ಪಕ್ಕ ಒಂದು ಬಾಟಲಿ ಇತ್ತು, ಮುಚ್ಚಳ ತೆಗೆದಿರಲಿಲ್ಲ.

ಟೈಮ್ ಆದ ಮೇಲೆ ಫೋನ್ ಮಾಡ್ತೀನಿ. ಮೊದಲನೇ ಸಲ ಎತ್ತಲ್ಲ. ಎರಡನೇ ಸಲವೂ ಎತ್ತಲ್ಲ. ಮೂರನೇ ಸಲಕ್ಕೆ, ಗಂಟಲು ಕಟ್ಟಿದ ದನಿಯಲ್ಲಿ, "ಎದ್ದೆ ಅಣ್ಣ, ನೀನು ಮಲಕ್ಕೋ" ಅಂತಾನೆ.